ಮತ್ತೆ ಸರ್ಕಾರಿ ಕೆಲಸ: ಪಿಂಚಣಿ ಕಳೆದು ಉಳಿಯುವ ಸಂಬಳವೆಷ್ಟು?

ತಿಂಗಳ ಕೊನೆಯ ದಿನವೆಂದರೆ ಸರ್ಕಾರಿ ಕಚೇರಿಗಳಲ್ಲಿ ಬೀಳ್ಕೊಡುಗೆಯ ದಿನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಮರುದಿನದಿಂದ ಅವರು ಪಿಂಚಣಿದಾರರು. ಆದರೆ ಎಷ್ಟೋ ಕಡೆ ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಅವರ ಮನೆಗೆ ಫೋನು ಬರುತ್ತದೆ: ‘ಸಾರ್, ಆಡಿಟ್ ಇದೆ. ಹಳೇ ಫೈಲುಗಳ ಹಿಂದುಮುಂದು ನಿಮಗೇ ಗೊತ್ತಿರೋದು. ಗುತ್ತಿಗೆ ಮೇಲೆ ಒಂದು ವರ್ಷ ಬಂದುಬಿಡಿ.’

ಕರೆಯುವವರ ಕಷ್ಟ ಸುಳ್ಳಲ್ಲ. ಕರ್ನಾಟಕ ಸರ್ಕಾರದ ಇಲಾಖೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇವೆ. ಕೇಂದ್ರದಲ್ಲೂ ಪರಿಸ್ಥಿತಿ ಬೇರೆಯಲ್ಲ. ಸಿಬ್ಬಂದಿ ಕೊರತೆ ತಾಳಲಾರದೆ ರೈಲ್ವೆ ಇಲಾಖೆ 2024ರಲ್ಲಿ 65 ವರ್ಷದೊಳಗಿನ ನಿವೃತ್ತ ನೌಕರರನ್ನು ಎರಡು ವರ್ಷದ ಮಟ್ಟಿಗೆ ಮರಳಿ ತೆಗೆದುಕೊಳ್ಳಲು ತನ್ನ ವಲಯಗಳಿಗೆ ಅನುಮತಿ ಕೊಟ್ಟಿತು. ಕರೆಗೆ ಓಗೊಡುವವರಿಗೂ ಕಾರಣಗಳಿವೆ. ಮಗಳ ಮದುವೆ, ಮನೆ ಸಾಲದ ಉಳಿದ ಕಂತು, ಮನೆಯಲ್ಲಿ ಸುಮ್ಮನೆ ಕೂರಲಾಗದ ಸಂಕಟ.

ಹೀಗೆ ಮರಳಿ ಹೋದವರ ಬಗ್ಗೆ ಊರ ಮಾತು ಒಂದೇ: ‘ಅವರಿಗೇನು, ಅತ್ತ ಪಿಂಚಣಿ, ಇತ್ತ ಸಂಬಳ!’ ಈ ಮಾತು ಬಹುಪಾಲು ತಪ್ಪು. ಸರ್ಕಾರದ ಬೊಕ್ಕಸದಿಂದ ಒಬ್ಬರಿಗೆ ಎರಡು ದಾರಿಯಲ್ಲಿ ಹಣ ಹೋಗದಂತೆ ನೋಡಿಕೊಳ್ಳಲು ನಿಯಮಗಳಿವೆ. ಅವು ಎಲ್ಲರಿಗೂ ಒಂದೇ ರೀತಿ ಇಲ್ಲ ಎಂಬುದೇ ತೊಡಕು. ಒಂದೇ ದಿನ ನಿವೃತ್ತರಾದ, ಒಂದೇ ಸಂಬಳವಿದ್ದ ಇಬ್ಬರು ಬೇರೆ ಬೇರೆ ಬಗೆಯ ಆದೇಶದ ಮೇಲೆ ಮರಳಿದರೆ, ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿಗೂ ಮೀರಿದ ವ್ಯತ್ಯಾಸ ಬೀಳಬಹುದು. ಆದೇಶಕ್ಕೆ ಸಹಿ ಹಾಕುವಾಗ ಇದನ್ನು ಅವರಿಗೆ ಬಿಡಿಸಿ ಹೇಳುವವರು ಕಡಿಮೆ.

ಮೂರು ಬಾಗಿಲು

ಸರ್ಕಾರದೊಳಗೆ ಮರಳಲು ಮೂರು ಬಾಗಿಲುಗಳಿವೆ ಎಂದುಕೊಳ್ಳಿ. ಮೊದಲನೆಯದು ಗುತ್ತಿಗೆ ಅಥವಾ ಸಲಹೆಗಾರರ ನೇಮಕ. ಇಂದು ಹೆಚ್ಚಿನವರು ಬರುವುದು ಇದರಿಂದಲೇ. ಎರಡನೆಯದು ಮಂಜೂರಾದ ಹುದ್ದೆಗೇ ನಡೆಯುವ ಮರುನೇಮಕ. ಮೂರನೆಯದು ಮಾಜಿ ಸೈನಿಕರ ಬಾಗಿಲು. ಅವರು ನಲವತ್ತರ ಆಸುಪಾಸಿನಲ್ಲೇ ಸೇನೆಯಿಂದ ಹೊರಬಂದು, ಮೀಸಲಾತಿಯಡಿ ಪರೀಕ್ಷೆ ಬರೆದು, ಹೊಸ ನೌಕರರಾಗಿಯೇ ಸೇರುತ್ತಾರೆ. ಮೂರು ಕಡೆಯೂ ಪಿಂಚಣಿಯನ್ನು ನೋಡುವ ಬಗೆ ಬೇರೆ.

ಕೇಂದ್ರದ ನಿಯಮಗಳನ್ನು ಹಿಡಿದು ಒಂದು ಲೆಕ್ಕ ಹಾಕೋಣ. 60 ವರ್ಷಕ್ಕೆ ನಿವೃತ್ತರಾದವರೊಬ್ಬರ ಕೊನೆಯ ಮೂಲ ವೇತನ 80,000 ರೂಪಾಯಿ. ಪಿಂಚಣಿ ಅದರ ಅರ್ಧ, ಅಂದರೆ 40,000. ತುಟ್ಟಿಭತ್ಯೆಗೆ 2025ರ ಜುಲೈಯಿಂದ ಅನ್ವಯವಾದ ಶೇ 58ರ ದರವನ್ನೇ ಇಟ್ಟುಕೊಳ್ಳೋಣ. ಸೇವೆಯಲ್ಲಿದ್ದಾಗ ಅವರಿಗೆ ಮೂಲ ವೇತನ 80,000, ತುಟ್ಟಿಭತ್ಯೆ 46,400, ಒಟ್ಟು 1,26,400 ರೂಪಾಯಿ ಸಿಗುತ್ತಿತ್ತು. ಮನೆ ಬಾಡಿಗೆ ಭತ್ಯೆ ಬೇರೆ.

ಗುತ್ತಿಗೆಯ ಲೆಕ್ಕ

ಗುತ್ತಿಗೆಯ ಮೇಲೆ ಬರುವ ಕೇಂದ್ರದ ನಿವೃತ್ತರಿಗೆ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2020ರ ಡಿಸೆಂಬರ್ 9ರಂದು ಹೊರಡಿಸಿದ ಆದೇಶ ಅನ್ವಯಿಸುತ್ತದೆ. ಸೂತ್ರ ಸರಳ: ಕೊನೆಯ ಮೂಲ ವೇತನದಲ್ಲಿ ಮೂಲ ಪಿಂಚಣಿಯನ್ನು ಕಳೆಯಿರಿ, ಉಳಿದದ್ದೇ ಸಂಭಾವನೆ. ನಮ್ಮ ಲೆಕ್ಕದಲ್ಲಿ ಅದು 40,000. ಈ ಮೊತ್ತ ಗುತ್ತಿಗೆ ಮುಗಿಯುವವರೆಗೆ ಕದಲುವುದಿಲ್ಲ. ವಾರ್ಷಿಕ ವೇತನ ಬಡ್ತಿ ಇಲ್ಲ, ತುಟ್ಟಿಭತ್ಯೆ ಇಲ್ಲ, ಸಾಮಾನ್ಯವಾಗಿ ಮನೆ ಬಾಡಿಗೆ ಭತ್ಯೆಯೂ ಇಲ್ಲ. ಓಡಾಟಕ್ಕೆಂದು ನಿಗದಿತ ಸಾರಿಗೆ ಭತ್ಯೆ ಉಂಟು. ದುಡಿದ ಪ್ರತಿ ತಿಂಗಳಿಗೆ ಒಂದೂವರೆ ದಿನದ ರಜೆ. ಮೊದಲ ಅವಧಿ ಒಂದು ವರ್ಷ ಮೀರುವಂತಿಲ್ಲ. ಎಷ್ಟೇ ವಿಸ್ತರಿಸಿದರೂ ನಿವೃತ್ತಿ ವಯಸ್ಸಿನಿಂದ ಐದು ವರ್ಷ ದಾಟುವಂತಿಲ್ಲ.

ಇನ್ನೊಂದು ಕಡೆ ಪಿಂಚಣಿ ಎಂದಿನಂತೆ ಬರುತ್ತದೆ. ಸಲಹೆಗಾರರ ನೇಮಕದ ಷರತ್ತುಗಳಲ್ಲಿ ಸಾಮಾನ್ಯವಾಗಿ ಒಂದು ಸಾಲಿರುತ್ತದೆ: ಇದನ್ನು ಮರುನೇಮಕವೆಂದು ಪರಿಗಣಿಸತಕ್ಕದ್ದಲ್ಲ, ಪಿಂಚಣಿಯೂ ಅದರ ಮೇಲಿನ ತುಟ್ಟಿ ಪರಿಹಾರವೂ ಮುಂದುವರಿಯುತ್ತವೆ. ಹಾಗಾಗಿ ಇವರಿಗೆ ಸಂಭಾವನೆ 40,000, ಪಿಂಚಣಿ 40,000, ಅದರ ಮೇಲಿನ ತುಟ್ಟಿ ಪರಿಹಾರ 23,200, ಒಟ್ಟು 1,03,200 ರೂಪಾಯಿ. ಅದೇ ಕುರ್ಚಿ, ಅದೇ ಫೈಲು, ಅದೇ ಹತ್ತರಿಂದ ಐದೂವರೆ. ಕೈಗೆ ಬರುವುದು ಮಾತ್ರ 23,200 ರೂಪಾಯಿ ಕಡಿಮೆ.

ಇದರ ಮೇಲೆ ಕಮ್ಯುಟೇಷನ್ನಿನ ಪೆಟ್ಟು. ನಿವೃತ್ತರಾಗುವಾಗ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಇಡಿಗಂಟು ಪಡೆಯುವ ಅವಕಾಶವಿದೆ. ಕೇಂದ್ರದಲ್ಲಿ ಶೇ 40ರವರೆಗೆ, ಕರ್ನಾಟಕದಲ್ಲಿ ಮೂರನೇ ಒಂದು ಭಾಗದವರೆಗೆ. ಹಾಗೆ ಪಡೆದವರಿಗೆ ಆ ಭಾಗ ಮರಳಿ ಸೇರುವುದು 15 ವರ್ಷದ ನಂತರ. ನಮ್ಮ ಲೆಕ್ಕದವರು ಶೇ 40 ಕಮ್ಯೂಟ್ ಮಾಡಿದ್ದರೆ ತಿಂಗಳಿಗೆ ಅವರಿಗೆ ಬರುವ ಮೂಲ ಪಿಂಚಣಿ 24,000 ಮಾತ್ರ. ಅಷ್ಟನ್ನೇ ಕಳೆಯುತ್ತಾರೆ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸಂಭಾವನೆ ನಿಗದಿ ಮಾಡುವಾಗ ಕಳೆಯುವುದು ಪೂರ್ತಿ 40,000 ರೂಪಾಯಿಯನ್ನೇ. ಇಡಿಗಂಟನ್ನು ಮೊದಲೇ ಕೊಟ್ಟಾಗಿದೆ ಎಂಬುದು ಸರ್ಕಾರದ ವಾದ. ವಾದದಲ್ಲಿ ಹುರುಳಿದೆ. ಆದರೆ ಆ ಗಂಟು ಮನೆ ಕಟ್ಟಿಸಲೋ ಮದುವೆಗೋ ಖರ್ಚಾಗಿ ಹೋಗಿರುತ್ತದೆ, ತಿಂಗಳ ಸಂಸಾರ ಮಾತ್ರ 23,200ರ ತುಟ್ಟಿ ಪರಿಹಾರವೂ ಸೇರಿ 87,200ರಲ್ಲಿ ನಡೆಯಬೇಕಾಗುತ್ತದೆ.

ಮರುನೇಮಕವಾದರೆ

ಇದೇ ವ್ಯಕ್ತಿ ಎರಡನೇ ಬಾಗಿಲಿನಿಂದ ಬಂದರೆ ಚಿತ್ರ ಬದಲಾಗುತ್ತದೆ. ಹುದ್ದೆಗೇ ಆಗುವ ಮರುನೇಮಕಕ್ಕೆ 1986ರಲ್ಲಿ ಕೇಂದ್ರ ಹೊರಡಿಸಿದ ವೇತನ ನಿಗದಿ ಆದೇಶಗಳು ಆಧಾರ. ಇಲ್ಲಿಯೂ ಕೊನೆಯ ವೇತನದಲ್ಲಿ ಪಿಂಚಣಿ ಕಳೆಯುತ್ತಾರೆ, ಆದರೆ ತುಟ್ಟಿಭತ್ಯೆ ಮೊದಲಾದ ಭತ್ಯೆಗಳನ್ನು ಕೊಡುವುದು ಪಿಂಚಣಿ ಕಳೆಯುವ ಮುಂಚಿನ ವೇತನದ ಮೇಲೆ. ಅಂದರೆ 40,000ದ ಮೇಲಲ್ಲ, 80,000ದ ಮೇಲೆ. ಅದಕ್ಕೆ ಬದಲಾಗಿ ಪಿಂಚಣಿಯ ಮೇಲಿನ ತುಟ್ಟಿ ಪರಿಹಾರ ಆ ಅವಧಿಗೆ ನಿಲ್ಲುತ್ತದೆ. ವೇತನ 40,000, ತುಟ್ಟಿಭತ್ಯೆ 46,400, ಪಿಂಚಣಿ 40,000, ಎಲ್ಲ ಸೇರಿ 1,26,400. ಸೇವೆಯಲ್ಲಿದ್ದಾಗ ಬರುತ್ತಿದ್ದಷ್ಟೇ! ವಾರ್ಷಿಕ ವೇತನ ಬಡ್ತಿಯೂ ಸಿಗುತ್ತದೆ.

ಈ ನಿಯಮ ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಮರಳಿ ಬಂದವರಿಗೆ ಮೊದಲಿಗಿಂತ ಹೆಚ್ಚು ಸಿಗಬಾರದು, ಮೊದಲಿಗಿಂತ ಕಡಿಮೆಯೂ ಆಗಬಾರದು. ನ್ಯಾಯವಾದ ತಕ್ಕಡಿ ಇದು. ಗುತ್ತಿಗೆಯಲ್ಲಿ ಆ ತಕ್ಕಡಿ ತಪ್ಪಿದೆ. ಪಿಂಚಣಿ ಕಳೆಯುವುದನ್ನು ಉಳಿಸಿಕೊಂಡು, ಅದಕ್ಕೆ ಸಮನಾಗಿದ್ದ ತುಟ್ಟಿಭತ್ಯೆಯನ್ನು ಕೈಬಿಡಲಾಗಿದೆ. ಎರಡು ಕಡೆಯ ವ್ಯತ್ಯಾಸವಾದ 23,200 ರೂಪಾಯಿ ಬರುವುದು ಅಲ್ಲಿಂದಲೇ. ಇಲಾಖೆಗಳು ಇಂದು ಮರುನೇಮಕದ ಬದಲು ಗುತ್ತಿಗೆಯ ಕಡೆಗೇ ವಾಲುತ್ತಿರುವುದರಿಂದ ಹೆಚ್ಚಿನ ಹಿರಿಯರ ಪಾಲಿಗೆ ಬರುವುದು ಕಡಿಮೆಯ ಲೆಕ್ಕವೇ.

55 ವರ್ಷಕ್ಕೆ ಮೊದಲೇ ನಿವೃತ್ತರಾದವರಿಗೆ 1986ರ ಆದೇಶದಲ್ಲಿ ವಿನಾಯಿತಿಗಳಿವೆ. ಎ ಗುಂಪಿನ ಅಧಿಕಾರಿಗಳಿಗೂ ಸೇನೆಯ ಕಮಿಷನ್ಡ್ ಅಧಿಕಾರಿಗಳಿಗೂ ಪಿಂಚಣಿಯ ಮೊದಲ 15,000 ರೂಪಾಯಿಯನ್ನು ಲೆಕ್ಕಕ್ಕೆ ಹಿಡಿಯದೆ ಉಳಿದದ್ದನ್ನು ಮಾತ್ರ ಕಳೆಯುತ್ತಾರೆ. 7ನೇ ವೇತನ ಆಯೋಗದ ನಂತರ, 2017ರಲ್ಲಿ, ಈ ಮಿತಿ 4,000ದಿಂದ 15,000ಕ್ಕೆ ಏರಿತು. ಎ ಗುಂಪಿಗಿಂತ ಕೆಳಗಿನ ನೌಕರರಿಗೂ ಸೇನೆಯ ಸಿಪಾಯಿ, ಹವಾಲ್ದಾರ್, ಸುಬೇದಾರ್ ದರ್ಜೆಯವರಿಗೂ ಇಡೀ ಪಿಂಚಣಿಯೇ ಲೆಕ್ಕದಿಂದ ಹೊರಗೆ. ದೊಡ್ಡ ಹುದ್ದೆಯವರಿಗೆ ಮೇಲ್ಮಿತಿ ಒಂದಿದೆ. ಮರುನೇಮಕದ ವೇತನವೂ ಪೂರ್ಣ ಪಿಂಚಣಿಯೂ ಸೇರಿ ತಿಂಗಳಿಗೆ 2,25,000 ರೂಪಾಯಿ ದಾಟುವಂತಿಲ್ಲ.

ಪಿಂಚಣಿ ಕಳೆಯುವ ನಿಯಮ ಗುಮಾಸ್ತರಿಗಷ್ಟೇ ಅಲ್ಲ, ನ್ಯಾಯಪೀಠದವರೆಗೂ ಹೋಗುತ್ತದೆ. ಸಂವಿಧಾನದ 224ಎ ವಿಧಿಯಡಿ ನಿವೃತ್ತ ನ್ಯಾಯಮೂರ್ತಿಗಳನ್ನು ಹೈಕೋರ್ಟುಗಳಿಗೆ ತಾತ್ಕಾಲಿಕವಾಗಿ ಕರೆಸಿಕೊಳ್ಳುವ ಬಗ್ಗೆ 2021ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಅವರ ವೇತನವು ಕಾಯಂ ನ್ಯಾಯಮೂರ್ತಿಯ ವೇತನದಲ್ಲಿ ಪಿಂಚಣಿ ಕಳೆದಷ್ಟು ಎಂದೇ ಹೇಳಿತು.

ಇನ್ನೊಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ವಯೋನಿವೃತ್ತಿ ಪಿಂಚಣಿ ಪಡೆದು ಮರುನೇಮಕವಾದವರಿಗೆ ಆ ಎರಡನೇ ಅವಧಿಗೆ ಬೇರೆ ಪಿಂಚಣಿಯಾಗಲಿ ಗ್ರಾಚ್ಯುಟಿಯಾಗಲಿ ಇಲ್ಲ. ಮೂರು ವರ್ಷ ದುಡಿದರೂ ಐದು ವರ್ಷ ದುಡಿದರೂ ಹಳೆಯ ಪಿಂಚಣಿ ಆ ಕಾರಣಕ್ಕೆ ಒಂದು ರೂಪಾಯಿಯೂ ಏರುವುದಿಲ್ಲ.

ಸೈನ್ಯದಿಂದ ಬಂದವರು

ಕೊಡಗು, ಬೆಳಗಾವಿ, ಧಾರವಾಡದ ಕಡೆ ಈ ವಿಷಯ ಮನೆಮನೆಯ ಮಾತು. ಹತ್ತೊಂಬತ್ತಕ್ಕೆ ಸೇನೆ ಸೇರಿ, ಇಪ್ಪತ್ತೆರಡು ವರ್ಷ ದುಡಿದು, ನಲವತ್ತೊಂದಕ್ಕೆ ಹವಾಲ್ದಾರ್ ಆಗಿ ಊರಿಗೆ ಬರುವವರು ಮುದುಕರಲ್ಲ. ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುತ್ತಾರೆ. ಅವರಿಗಾಗಿ ಕೇಂದ್ರದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 10, ಸಾರ್ವಜನಿಕ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಶೇ 14.5, ಕರ್ನಾಟಕದ ನೇರ ನೇಮಕಾತಿಯಲ್ಲಿ ಶೇ 10 ಮೀಸಲಾತಿ ಇದೆ.

ಇಂಥವರೊಬ್ಬರು ಕೇಂದ್ರದ ಕಚೇರಿಯಲ್ಲಿ ಕಿರಿಯ ಸಹಾಯಕರಾಗಿ ಸೇರಿದರೆಂದುಕೊಳ್ಳಿ. ಸೇನೆಯಲ್ಲಿ ಕೊನೆಗೆ 45,000 ಮೂಲ ವೇತನ, ಅದರ ಮೇಲೆ 5,200 ರೂಪಾಯಿ ಸೇನಾ ಸೇವಾ ವೇತನ ಪಡೆದಿದ್ದರೂ ಹೊಸ ಕಚೇರಿಯಲ್ಲಿ ಅವರ ವೇತನ ಆರಂಭವಾಗುವುದು ಆ ಹುದ್ದೆಯ ತಳದ 19,900ರಿಂದ. ನಿನ್ನೆ ಪದವಿ ಮುಗಿಸಿ ಬಂದ ಹುಡುಗನಿಗೂ ಅಷ್ಟೇ. ಇದು ಹಲವು ಮಾಜಿ ಸೈನಿಕರಿಗೆ ನೋವಿನ ವಿಷಯ. ಸಿಯಾಚಿನ್‌ನಲ್ಲಿ ಕಾವಲು ಕಾಯ್ದ ವರ್ಷಗಳಿಗೆ ಇಲ್ಲಿ ಸಂಬಳದ ಲೆಕ್ಕದಲ್ಲಿ ಬೆಲೆ ಇಲ್ಲವೇ ಎಂದು ಅವರು ಕೇಳುತ್ತಾರೆ.

ಆದರೆ ಮರೆಯಬಾರದ ಇನ್ನೊಂದು ಮಗ್ಗುಲಿದೆ. ಅವರ ಪಿಂಚಣಿಯನ್ನು ಈ ಸಂಬಳದಿಂದ ಒಂದು ಪೈಸೆಯೂ ಕಳೆಯುವುದಿಲ್ಲ. ವೇತನ ತಳದಲ್ಲಿ ನಿಗದಿಯಾಗಿ ಇಡೀ ಪಿಂಚಣಿ ಲೆಕ್ಕದಿಂದ ಹೊರಗಿರುವುದರಿಂದ, ವೇತನದ ಮೇಲೆ ತುಟ್ಟಿಭತ್ಯೆಯೂ ಪಿಂಚಣಿಯ ಮೇಲೆ ತುಟ್ಟಿ ಪರಿಹಾರವೂ ಎರಡೂ ಸಿಗುತ್ತವೆ. ಹೀಗೆ ಇವರಿಗೆ ಎರಡು ಕಡೆಯಿಂದಲೂ ಪೂರ್ಣ ಹಣ ಬರುತ್ತದೆ. ಅದು ನ್ಯಾಯವೂ ಹೌದು, ಏಕೆಂದರೆ ಇವರು ಹಳೆಯ ಕುರ್ಚಿಗೆ ಮರಳಿದವರಲ್ಲ, ದೇಶದ ಅಗತ್ಯಕ್ಕಾಗಿ ಬೇಗ ಹೊರಬಿದ್ದು ಹೊಸ ಕೆಲಸ ಕಲಿತವರು.

ಇವರು ನಿಜಕ್ಕೂ ಎಚ್ಚರ ವಹಿಸಬೇಕಾದುದು ಎರಡನೇ ನಿವೃತ್ತಿಯ ಬಗ್ಗೆ. ಸೇನೆಗೆ ಹಳೆಯ ಪಿಂಚಣಿ ಪದ್ಧತಿ ಉಳಿದಿದೆ. ಆದರೆ ಕೇಂದ್ರದ ನಾಗರಿಕ ಸೇವೆಗೆ 2004ರ ಜನವರಿ 1ರಿಂದ, ಕರ್ನಾಟಕದ ಸೇವೆಗೆ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ (ಎನ್‌ಪಿಎಸ್) ಬಂತು. 2025ರ ಏಪ್ರಿಲ್‌ನಲ್ಲಿ ಕೇಂದ್ರ ತಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿ ಕೊನೆಯ ಹನ್ನೆರಡು ತಿಂಗಳ ಸರಾಸರಿ ವೇತನದ ಅರ್ಧದಷ್ಟು ಪಿಂಚಣಿ ಸಿಗಬೇಕಾದರೆ 25 ವರ್ಷ ಸೇವೆ ಇರಬೇಕು. ನಲವತ್ತೊಂದಕ್ಕೆ ಸೇರಿ ಅರವತ್ತಕ್ಕೆ ಹೊರಡುವವರಿಗೆ ಸಿಗುವುದು 19 ವರ್ಷ. ಅವರ ಪಾಲು ಆ ಅನುಪಾತದಲ್ಲಿ ಇಳಿಯುತ್ತದೆ. ಎನ್‌ಪಿಎಸ್ ಉಳಿಸಿಕೊಳ್ಳಬೇಕೇ, ಏಕೀಕೃತ ಯೋಜನೆಯನ್ನು ಆರಿಸಿಕೊಳ್ಳಬೇಕೇ ಎಂದು ಪಕ್ಕದ ಮೇಜಿನ ಇಪ್ಪತ್ತೈದರ ಹುಡುಗನನ್ನು ನೋಡಿ ತೀರ್ಮಾನಿಸುವಂತಿಲ್ಲ, ತಮ್ಮ ವಯಸ್ಸಿಗೆ ತಕ್ಕಂತೆ ಲೆಕ್ಕ ಹಾಕಬೇಕು. ಮನೆಯವರಿಗೆ ತಿಳಿದಿರಬೇಕಾದ ಸಮಾಧಾನದ ಸಂಗತಿಯೂ ಒಂದಿದೆ. ಸೇನೆಯ ಕುಟುಂಬ ಪಿಂಚಣಿಯ ಜೊತೆಗೆ ನಾಗರಿಕ ಸೇವೆಯ ಕುಟುಂಬ ಪಿಂಚಣಿಯನ್ನೂ ಪಡೆಯಲು 2012ರಿಂದ ಅವಕಾಶವಿದೆ. ಅದಕ್ಕೆ ಮೊದಲು ಎರಡರಲ್ಲಿ ಒಂದನ್ನು ಬಿಡಬೇಕಿತ್ತು.

ನವೆಂಬರಿನ ಆ ಒಂದು ಸಾಲು

ನವೆಂಬರ್ ಬಂತೆಂದರೆ ಬ್ಯಾಂಕುಗಳಲ್ಲಿ ಹಿರಿಯರ ಸಾಲು. ಜೀವಂತ ಪ್ರಮಾಣಪತ್ರದ ಕಾಲ ಅದು. ಸವೆದ ಬೆರಳ ಗುರುತನ್ನು ಯಂತ್ರ ಒಮ್ಮೆಗೇ ಓದುವುದಿಲ್ಲ, ಒರೆಸಿ ಮತ್ತೆ ಒತ್ತಬೇಕು. ಆ ಗಡಿಬಿಡಿಯಲ್ಲಿ ಕೈಗೆ ಬರುವ ನಮೂನೆಯಲ್ಲಿ ಒಂದು ಪ್ರಶ್ನೆ ಇರುತ್ತದೆ: ತಾವು ಸರ್ಕಾರದಲ್ಲಿ ಅಥವಾ ಅದರ ಸಂಸ್ಥೆಗಳಲ್ಲಿ ಮತ್ತೆ ಉದ್ಯೋಗಕ್ಕೆ ಸೇರಿದ್ದೀರಾ? ಕೌಂಟರಿನವರು ತೋರಿಸಿದ ಜಾಗಕ್ಕೆ ಸಹಿ ಹಾಕಿ ಬರುವವರೇ ಹೆಚ್ಚು. ಮರುನೇಮಕವಾದವರು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದರೆ ನಿಲ್ಲಬೇಕಾದ ತುಟ್ಟಿ ಪರಿಹಾರ ಬರುತ್ತಲೇ ಇರುತ್ತದೆ. ವರ್ಷಗಳ ನಂತರ ಆಡಿಟ್ ಕಣ್ಣಿಗೆ ಬಿದ್ದಾಗ ಲಕ್ಷಗಟ್ಟಲೆ ವಸೂಲಿಯ ನೋಟಿಸು ಬರುತ್ತದೆ.

ತಪ್ಪಾಗಿ ಹೆಚ್ಚು ಪಾವತಿಯಾದ ಹಣವನ್ನು ನಿವೃತ್ತರಿಂದಲೂ ಕೆಳದರ್ಜೆಯ ನೌಕರರಿಂದಲೂ ವಸೂಲು ಮಾಡಬಾರದೆಂದು ಪಂಜಾಬ್ ರಾಜ್ಯದ ಪ್ರಕರಣವೊಂದರಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಆ ರಕ್ಷಣೆ ಇರುವುದು ಇಲಾಖೆಯ ತಪ್ಪಿನಿಂದ ಹಣ ಪಡೆದವರಿಗೆ. ಹೆಚ್ಚು ಬಂದರೆ ಮರಳಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟ ಅಧಿಕಾರಿಗೆ ಅದು ಸಿಗದೆಂದು 2016ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಮರೆಮಾಚಿದವರಂತೂ ಅದನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಆದೇಶ ಕೈಗೆ ಬಂದ ವಾರದಲ್ಲೇ ಬ್ಯಾಂಕಿಗೋ ಖಜಾನೆಗೋ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದೇ ಸರಿ.

ತೆರಿಗೆಯಲ್ಲೂ ಇಂಥದೇ ಒಂದು ಗುಂಡಿ ಇದೆ. ಪಿಂಚಣಿಯೂ ತೆರಿಗೆಯ ಕಣ್ಣಿನಲ್ಲಿ ವೇತನವೇ. ಪಿಂಚಣಿ ಕೊಡುವ ಬ್ಯಾಂಕಿಗೆ ಕಚೇರಿಯ ಸಂಬಳ ಗೊತ್ತಿಲ್ಲ, ಕಚೇರಿಗೆ ಪಿಂಚಣಿ ಕಾಣುವುದಿಲ್ಲ. ಹೊಸ ಪದ್ಧತಿಯಲ್ಲಿ 2025–26ರ ಸಾಲಿನಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳದ ಕಾರಣ, ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಏನೂ ಹಿಡಿಯದೆ ಬಿಡಬಹುದು. ಎರಡೂ ಸೇರಿ ಮಿತಿ ದಾಟಿದ್ದರೆ ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಯೆಲ್ಲ ಒಟ್ಟಿಗೆ ತಲೆಯ ಮೇಲೆ ಬೀಳುತ್ತದೆ. 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದೂ ಒಂದೇ ಸಲ. ಪಿಂಚಣಿಯ ವಿವರವನ್ನು ಮೊದಲೇ ಕಚೇರಿಯ ವೇತನ ಬಟವಾಡೆ ಅಧಿಕಾರಿಗೆ ಕೊಟ್ಟರೆ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕಡಿತವಾಗಿ ಭಾರ ಹಗುರಾಗುತ್ತದೆ.

ಭಿಕ್ಷೆಯಲ್ಲ, ಹಕ್ಕು

1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪಿಂಚಣಿ ಮಾಲೀಕನ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಪ್ರತಿಯಾಗಿ ಸಿಗಬೇಕಾದ ಹಕ್ಕು ಎಂದು ಎತ್ತಿಹಿಡಿಯಿತು. ಆ ಮಾತನ್ನು ಒಪ್ಪಿದ ಮೇಲೆ, ಹಿಂದಿನ ದುಡಿಮೆಗೆ ಬಂದ ಹಕ್ಕನ್ನು ಇಂದಿನ ದುಡಿಮೆಯ ಕೂಲಿಯಿಂದ ಕಳೆಯುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಇದು: 60 ದಾಟಿ ಹಳೆಯ ಕುರ್ಚಿಗೇ ಮರಳುವವರ ವಿಷಯದಲ್ಲಿ ಕಳೆಯುವುದು ತಪ್ಪಲ್ಲ. ಅದೇ ಬೊಕ್ಕಸಕ್ಕೆ ಕೈಚಾಚಿ ಲಕ್ಷಾಂತರ ಯುವಕರು ನಿಂತಿದ್ದಾರೆ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಪಿ.ಜಿ. ಕೋಣೆ ಹಿಡಿದು ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತ ವಯೋಮಿತಿ ಮೀರುವ ಹೆದರಿಕೆಯಲ್ಲಿ ದಿನ ನೂಕುತ್ತಿರುವವರಿಗೆ, ನಿವೃತ್ತರಿಗೆ ಪೂರ್ಣ ಪಿಂಚಣಿಯ ಮೇಲೆ ಪೂರ್ಣ ಸಂಬಳವನ್ನೂ ಕೊಡುತ್ತೇವೆಂದು ಯಾವ ಸರ್ಕಾರವೂ ಮುಖ ಎತ್ತಿ ಹೇಳಲಾಗದು. ಹಿರಿಯರನ್ನು ಕರೆಯುವುದು ಗೊತ್ತುಪಡಿಸಿದ ಕೆಲಸಕ್ಕೆ, ಕಿರಿಯರಿಗೆ ಕಲಿಸುವುದಕ್ಕೆ, ಗೊತ್ತುಪಡಿಸಿದ ಅವಧಿಗೆ ಮಾತ್ರ ಇರಬೇಕು. ಖಾಲಿ ಹುದ್ದೆ ತುಂಬದಿರಲು ಅದು ನೆಪವಾಗಬಾರದು.

ಹೀಗೆ ಕರೆದಾಗ ಬಂದವರ ದುಡಿಮೆಗೆ ಬೆಲೆ ಕಟ್ಟುವುದರಲ್ಲಿ ಮಾತ್ರ ಪ್ರಾಮಾಣಿಕತೆ ಬೇಕು. 1986ರಲ್ಲೇ ಸಮತೂಕದ ಸೂತ್ರವೊಂದನ್ನು ಬರೆದ ಸರ್ಕಾರ, ಗುತ್ತಿಗೆಯ ಹೆಸರಿನಲ್ಲಿ ಅದನ್ನು ಬದಿಗಿಟ್ಟು ಅದೇ ಅನುಭವವನ್ನು ಅಗ್ಗಕ್ಕೆ ಕೊಳ್ಳುವುದು ಸರಿಯಲ್ಲ. ಕೊನೆಯ ವೇತನದಿಂದ ಕಳೆಯುತ್ತೀರಾದರೆ ಉಳಿದ ಮೊತ್ತಕ್ಕಾದರೂ ತುಟ್ಟಿಭತ್ಯೆ ಸೇರಲಿ. ಬೆಲೆ ಏರಿಕೆ ಪಿಂಚಣಿದಾರರ ಮನೆಯನ್ನು ಬಿಟ್ಟು ಹೋಗುವುದಿಲ್ಲ. 8ನೇ ಕೇಂದ್ರ ವೇತನ ಆಯೋಗ ಕೆಲಸದಲ್ಲಿರುವ ಈ ಹೊತ್ತು ನೌಕರರ ಸಂಘಗಳೂ ಪಿಂಚಣಿದಾರರ ಸಂಘಗಳೂ ಮುಂದಿಡಬೇಕಾದ ಬೇಡಿಕೆ ಇದು.

ಅದಕ್ಕಿಂತ ಮೊದಲು, ಯಾವ ಆಯೋಗಕ್ಕೂ ಕಾಯದೆ ಪ್ರತಿ ಕಚೇರಿಯೂ ನಾಳೆಯಿಂದಲೇ ಮಾಡಬಹುದಾದ ಕೆಲಸವೊಂದಿದೆ. ನೇಮಕದ ಆದೇಶದ ಜೊತೆ ಒಂದು ಪುಟದ ಲೆಕ್ಕ ಕೊಡಬೇಕು. ಇದು ಮರುನೇಮಕವೋ ಗುತ್ತಿಗೆಯೋ, ಆಧಾರ ಕೇಂದ್ರದ ನಿಯಮವೋ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯೋ, ಕಳೆದ ಪಿಂಚಣಿ ಎಷ್ಟು, ಕಮ್ಯೂಟ್ ಆದ ಭಾಗ ಸೇರಿದೆಯೇ, ತುಟ್ಟಿ ಪರಿಹಾರ ಮುಂದುವರಿಯುತ್ತದೆಯೇ ನಿಲ್ಲುತ್ತದೆಯೇ, ರಜೆ ಎಷ್ಟು, ಅವಧಿ ಎಂದಿಗೆ ಮುಗಿಯುತ್ತದೆ. ಇಷ್ಟನ್ನು ಅಂಕಿಯಲ್ಲಿ ಬರೆದು ಅಧಿಕಾರಿ ಸಹಿ ಹಾಕಿ ಕೊಡಲಿ. ಮರಳಿ ಬರುವ ಹಿರಿಯರೂ ಈ ಪುಟ ಕೈಗೆ ಬಾರದೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕದಿರಲಿ. ಮೂವತ್ತು ವರ್ಷ ಬೇರೆಯವರ ವೇತನ ಬಿಲ್ಲು, ಪಿಂಚಣಿ ಕಡತಗಳನ್ನು ಒಂದು ರೂಪಾಯಿ ತಪ್ಪದಂತೆ ನೋಡಿಕೊಂಡವರಿಗೆ ತಮ್ಮದೇ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳುವ ಅಧಿಕಾರ ಖಂಡಿತ ಇದೆ.